ಕನಕಮ್ಮ ಹೊಲಿದ ಒಳಜೇಬು

ಗಂಡ ತೀರಿಕೊಂಡ ಮೇಲೆ ಕನಕಮ್ಮ ನಂದಿದುರ್ಗ ಚಿನ್ನದ ಗಣಿಯ ಕೂಲಿಗಾರರ ಲೈನ್ ಮನೆಯಲ್ಲಿದ್ದ ಅಕ್ಕ ಕದಿರಮ್ಮನ ಹತ್ತಿರ ಬಂದು ಸೇರಿದಳು. ಸುಮ್ಮನೆ ಕೂತು ಉಣ್ಣುವವಳಲ್ಲ. ಹತ್ತಿರದ ಕೋರಮಂಡಲ್ ಬಡಾವಣೆಯ ಮುದುಕ ಟೈಲರ್ ಅಶ್ವತ್ಥಪ್ಪನ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹಾಕುತ್ತ ಹಾಕುತ್ತಲೇ ಮಿಷನ್ ತುಳಿಯುವುದನ್ನೂ ಕಲಿತಳು. ಮುದುಕ ಅವಳಿಗೆಂದೇ ಹಳೆ ಮಿಷನ್ನೊಂದನ್ನು ರಿಪೇರಿ ಮಾಡಿಸಿಕೊಟ್ಟ. ಲೈನಿನ ಸುದ್ದಿಯನ್ನೆಲ್ಲ ಹೇಳಿ ನಗಿಸುತ್ತ ಅವಳು ರವಿಕೆ ಹೊಲಿಯುತ್ತಿದ್ದಳು.

೧೯೫೮ರ ಬೇಸಿಗೆಯಲ್ಲಿ ಭಾವ ಪೆರುಮಾಳ್ ಅಂಗಡಿಗೆ ಬಂದು ಒಂದು ಖಾಕಿ ಚಡ್ಡಿಯನ್ನು ಅವಳ ಮುಂದಿಟ್ಟ. ಅವನು ಗಣಿಯೊಳಗೆ ಇಳಿದು ದುಡಿಯುವವನು.

“ಸೊಂಟದ ಪಟ್ಟಿ ಒಳ್ಗೆ ಒಂದು ಜೇಬು ಬೇಕು ಕನಕ. ಮೇಲೆ ಕಾಣ್ಬಾರ್ದು.”

“ಏನಿಕ್ಕೋಕೆ ಭಾವ?”

“ಚಿನ್ನದ ಕಲ್ಲು. ನಿಮ್ಮಕ್ಕಂಗೆ ಏಳ್ಬೇಡ. ಅವ್ಳು ಬ್ಯಾಡ ಅಂತ ಬಯ್ತಾವ್ಳೆ.”

ಕನಕಮ್ಮ ಆಗುವುದಿಲ್ಲ ಎನ್ನಲಿಲ್ಲ. ಕಷ್ಟಕ್ಕೆ ಆಸರೆ ಕೊಟ್ಟ ಭಾವ. ಅದೂ ಅಲ್ಲದೆ ಯಾರಿಗೂ ಕಾಣದಂತೆ ಜೇಬು ಹೊಲಿಯುವುದರಲ್ಲಿ ಅವಳಿಗೇ ಒಂದು ಹುಮ್ಮಸ್ಸು ಬಂತು. “ಸಿಕ್ಕಾಕ್ಕಂಡ್ರೆ ನನ್ನ ಎಸ್ರು ಎತ್ಬೇಡ” ಎಂದು ತಮಾಷೆ ಮಾಡುತ್ತ ಹೊಲಿದುಕೊಟ್ಟಳು.

ಕೆಲವು ವಾರ ಸಾಗಿತು. ಒಂದು ದಿನ ಪಾಳಿ ಮುಗಿಸಿ ಬರುವಾಗ ಗೇಟಿನ ಕಾವಲಿನವರು ಪೆರುಮಾಳನ ಸೊಂಟ ತಡವಿದಾಗ ಕಲ್ಲು ಕೈಗೆ ಸಿಕ್ಕಿತು. ಯಾರು ಹೊಲಿದದ್ದೆಂದು ಪೊಲೀಸರು ಎಷ್ಟು ಕೇಳಿದರೂ ಅವನು ಬಾಯಿ ಬಿಡಲಿಲ್ಲ. ಆದರೆ ಅವನು ಅಶ್ವತ್ಥಪ್ಪನ ಅಂಗಡಿಗೆ ಬಂದು ಹೋಗಿದ್ದನ್ನು ಕಂಡವರಿದ್ದರು. ಪೊಲೀಸರು ಮುದುಕನನ್ನು ಎಬ್ಬಿಸಿಕೊಂಡು ಹೋದರು.

ಕನಕಮ್ಮ ಕತ್ತರಿ ಕೆಳಗಿಟ್ಟು ಅವರ ಹಿಂದೆಯೇ ಸ್ಟೇಷನ್ನಿಗೆ ನಡೆದಳು. ತನ್ನ ಬಗ್ಗೆ ಅವಳಿಗೆ ಭಯವಿರಲಿಲ್ಲ. ತಾನು ಗಣಿಗೆ ಇಳಿದಿಲ್ಲ, ಕಲ್ಲು ಮುಟ್ಟಿಲ್ಲ. ಬಟ್ಟೆ ಹೊಲಿಯುವುದು ಹೇಗೆ ಕಳ್ಳತನವಾದೀತು?

“ಅದು ನಾನು ಒಲ್ದಿದ್ದು ಸ್ವಾಮಿ. ಅವರ್ನ ಬಿಟ್ಬುಡಿ.”

ಇನ್ಸ್‌ಪೆಕ್ಟರ್ ಚಡ್ಡಿಯನ್ನು ಮೇಜಿನ ಮೇಲೆ ಹರವಿದ. “ಜೇಬಿನೊಳಗೆ ಕ್ಯಾನ್ವಾಸ್ ಯಾಕಮ್ಮ ಕೊಟ್ಟಿದ್ದೀಯ?”

“ಬರೀ ಬಟ್ಟೆ ಆದ್ರೆ ಕಲ್ಲಿನ ಮೊನೆಗೆ ಅರ್ದೋಗಲ್ವಾ?”

ಕಲ್ಲಿನ ವಿಷಯ ಗೊತ್ತಿತ್ತೆಂದು ತಾನೇ ಒಪ್ಪಿಕೊಂಡಂತಾಯಿತು ಎಂದು ಹೇಳಿಬಿಟ್ಟ ಮೇಲೆ ಅವಳಿಗೆ ಅರಿವಾಯಿತು. ಇನ್ಸ್‌ಪೆಕ್ಟರ್ ಗದರಲಿಲ್ಲ. “ಏನಕ್ಕೆ ಅಂತ ಗೊತ್ತಿಲ್ಲದೆ ಹೊಲಿದಿದ್ರೆ ಮನೆಗೆ ಕಳಿಸ್ತಿದ್ದೆ. ನೀನು ಗೊತ್ತಿದ್ದೂ ಹೊಲಿದುಕೊಟ್ಟೆ. ಕದಿಯೋನಿಗೆ ಸಹಾಯ ಮಾಡೋದೂ ಅಪರಾಧನೇ” ಎಂದ.

ಅಶ್ವತ್ಥಪ್ಪನನ್ನು ಬಿಟ್ಟರು. “ಸ್ಟೇಷನ್ನಿನಲ್ಲಿ ಹೇಳಿದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಎಲೆಅಡಿಕೆ ಇಡಲಿಕ್ಕೆ ಅಂತ ಭಾವ ಜೇಬು ಹೊಲಿಸಿಕೊಂಡ ಅನ್ನು” ಎಂದು ವಕೀಲರು ಅವಳಿಗೆ ಹೇಳಿಕೊಟ್ಟರು. ಹಾಗಂದರೆ, ಗೊತ್ತಿದ್ದು ಹೊಲಿಸಿಕೊಟ್ಟವನು ಅಂಗಡಿಯ ಯಜಮಾನನೇ ಎಂದು ಅನುಮಾನ ತಿರುಗಿ ಮುದುಕನ ಮೇಲೆ ಹೋದೀತೆಂದು ಅವಳು ಅಂಜಿದಳು. ಕಟಕಟೆಯಲ್ಲಿ ನಿಂತು “ನಂಗೆ ಗೊತ್ತಿತ್ತು” ಎಂದಳು. ಪೆರುಮಾಳನಿಗೆ ಆರು ತಿಂಗಳು, ಅವಳಿಗೆ ಒಂದು ತಿಂಗಳು ಸಜೆಯಾಯಿತು. ಪೆರುಮಾಳನ ಕೆಲಸದ ಜೊತೆಗೆ ಗಣಿಯವರು ಕೊಟ್ಟಿದ್ದ ಲೈನ್ ಮನೆಯೂ ಹೋಯಿತು.

ಕೋರ್ಟಿನ ಅಂಗಳದಲ್ಲಿ ಕದಿರಮ್ಮ ತಂಗಿಯ ಎದುರಿಗೆ ಬಂದು ನಿಂತಳು.

“ಬ್ಯಾಡ ಬ್ಯಾಡ ಅಂತ ಅವ್ರನ್ನ ತಡ್ದಿಟ್ಟಿದ್ದೆ. ನೀನು ಆಗಲ್ಲ ಅಂದಿದ್ರೆ ಇನ್ಯಾರ್ ತಾವೂ ಓಗ್ತಿರ್ಲಿಲ್ಲ. ನಿನ್ನ ನಂಬ್ಕಂಡೇ ಈ ಕೆಲ್ಸಕ್ಕೆ ಇಳುದ್ರು.”

ಸಜೆಯ ಮಾತು ಕೇಳಿದಾಗ ಅಳದ ಕನಕಮ್ಮ ಆಗ ಅತ್ತಳು. ಅಲ್ಲಿಯ ತನಕ ಭಾವನ ತಪ್ಪಿಗೆ ತಾನು ಸಿಕ್ಕಿಬಿದ್ದೆ ಎಂದುಕೊಂಡಿದ್ದಳು. ಅಕ್ಕನ ಮಾತು ಜೈಲಿನಲ್ಲೂ ಅವಳ ಕಿವಿ ಬಿಡಲಿಲ್ಲ.

ಬಿಡುಗಡೆಯಾದ ಮೇಲೆ ಅಶ್ವತ್ಥಪ್ಪನೇ ಅವಳ ಮಿಷನ್ನನ್ನು ಗಾಡಿಗೆ ಹಾಕಿಸಿದ. “ಅಂಗ್ಡಿಗೆ ಬರ್ಬೇಡಮ್ಮ, ಗಿರಾಕಿಗಳು ಎದುರ್ಕೊಂತಾರೆ. ಎಲ್ಲಾದ್ರೂ ಬದುಕ್ಕೋ” ಎಂದ. ಅವಳು ಬಂಗಾರಪೇಟೆಯ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಮಿಷನ್ ಇಡಲು ಒಂದು ಜಗಲಿ ಹಿಡಿದಳು. ಪೆರುಮಾಳನ ಸಜೆ ಮುಗಿದ ಮೇಲೆ ಅವನೂ ಕದಿರಮ್ಮನೂ ಬೂದಿಕೋಟೆ ಕಡೆ ಕೂಲಿಗೆ ಹೋದರು. ಹಬ್ಬ ಬಂದಾಗಲೆಲ್ಲ ಕನಕಮ್ಮ ಅಕ್ಕನಿಗೊಂದು ರವಿಕೆ ಹೊಲಿದು ಬಸ್ಸಿನವರ ಕೈಲಿ ಕಳಿಸುವಳು. ಗಂಟು ಬಿಚ್ಚದೆ ವಾಪಸ್ಸು ಬರುತ್ತಿತ್ತು.

೧೯೬೪ರಲ್ಲಿ ಒಂದು ಬೆಳಿಗ್ಗೆ ಕದಿರಮ್ಮನೇ ಬಸ್ಸಿಳಿದು ಬಂದಳು. ಸೊರಗಿದ್ದಳು.

“ಬೆನ್ನು ಬಗ್ಗಲ್ಲ, ಕೂಲಿ ಆಗ್ತಿಲ್ಲ. ಕೂತು ಮಾಡೋ ಕೆಲ್ಸ ಏನಾದ್ರೂ ಇದ್ರೆ ಕೊಡು. ನೀನು ಮಾಡಿದ್ದ ಮರ್ತು ಬಂದಿಲ್ಲ ನಾನು.”

“ಮರೀಬ್ಯಾಡ ಅಕ್ಕ. ಒಳಿಕ್ ಬಾ” ಎಂದಳು ಕನಕಮ್ಮ.

ಅಂದು ಮಧ್ಯಾಹ್ನ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಲಂಗದ ಅಂಚು ಮಡಿಸಿ ಹೊಲಿದರು. ಸಂಜೆಯ ಬಸ್ಸು ಹೊರಟರೂ ಕದಿರಮ್ಮ ಏಳಲಿಲ್ಲ.