ಹೆರಿಗೆ ಪುಸ್ತಕಕ್ಕೆ ಅಂಟಿಸಿದ ಕಾಗದ

ಅವತ್ತು ನನ್ನ ಸೊಸೆಯ ಜೀವಕ್ಕೆ ಕುತ್ತು ತಂದದ್ದು ಮಗು ತಿರುಗಿಕೊಂಡದ್ದಲ್ಲ, ಯಾರದೋ ನಾಚಿಕೆ.

ಮಗುವಿನ ಕಾಲು ಮೊದಲು ಬಂದಿತ್ತು. ಕೊರಟಗೆರೆ ಆಸ್ಪತ್ರೆಯ ಡಾಕ್ಟರು ಕ್ಯಾಂಪಿಗೆ ಹೋಗಿದ್ದರು. ಹೊಸ ನರ್ಸಮ್ಮ ಹೆರಿಗೆ ಪುಸ್ತಕ ತೆಗೆದಳು. ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ ಆಸ್ಪತ್ರೆಯವರು ಸರದಿಯಲ್ಲಿ ಓದಲೆಂದು ಟ್ರಂಕಿನಲ್ಲಿ ಬಸ್ಸು ಹತ್ತಿ ಸುತ್ತುವ ಪುಸ್ತಕಗಳಲ್ಲಿ ಒಂದು ಅದು. ಬೇಕಾದ ಚಿತ್ರದ ಮೇಲೆಯೇ ಯಾರೋ ಕಾಗದ ಅಂಟಿಸಿದ್ದರು.

“ಬೆತ್ತಲೆ ಚಿತ್ರ ಅಂತ ಮುಚ್ಚವ್ರೆ ಕಣಜ್ಜಿ. ಕೈ ಹೆಂಗಿಡ್ಬೇಕು ಅಂತ ಇದ್ರಲ್ಲೇ ಇರೋದು,” ಎಂದು ನರ್ಸಮ್ಮ ಅತ್ತೇಬಿಟ್ಟಳು.

“ಅಳಾದು ಆಮೇಕಿರ್ಲಿ, ಇತ್ಲಾಗ್ ಕೊಡವ್ವ. ಹೆರೋಳಿಗಿಲ್ದ ನಾಚ್ಕೆ ಇವ್ರಿಗ್ಯಾಕಂತೆ?” ಎಂದೆ.

ಸ್ಟವ್ವಿನ ಮೇಲೆ ಕುದಿಯುತ್ತಿದ್ದ ನೀರಿಗೆ ಬಟ್ಟೆ ಅದ್ದಿ ಕಾಗದದ ಮೇಲೆ ಒತ್ತಿದೆ. ಒಳಗೆ ಸೊಸೆ ಕೂಗುತ್ತಿದ್ದಳು. ಎಳೆದರೆ ಚಿತ್ರವೇ ಹರಿದೀತೆಂದು ಉಗುರಿನಿಂದ ಅಂಚು ಎಬ್ಬಿಸಿದೆ. ಮೈದಾ ಅಂಟು ಮೆತ್ತಗಾಗಿ ಬಿಟ್ಟುಕೊಂಡಿತು. ನರ್ಸಮ್ಮ ಚಿತ್ರ ನೋಡಿ ಒಳಗೆ ಓಡಿದಳು. ಮೊಮ್ಮಗಳು ಹುಟ್ಟಿದಳು, ತಾಯಿಯೂ ಉಳಿದಳು.

ಆದರೂ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಟ್ರಂಕು ಮುಂದೆ ಪಾವಗಡಕ್ಕೆ ಹೋಗಬೇಕಿತ್ತು; ಅದರಲ್ಲಿ ಇನ್ನೆಷ್ಟು ಚಿತ್ರ ಮುಚ್ಚಿದ್ದರೋ. ಮರುದಿನ ಬೆಳಗ್ಗೆ ಆಸ್ಪತ್ರೆಯ ಜಗಲಿಯಲ್ಲಿ ಬಿಸಿನೀರಿಟ್ಟುಕೊಂಡು ಕೂತು, ಬಸ್ಸು ಬರುವುದರೊಳಗೆ ಎಲ್ಲ ಪುಸ್ತಕದ ಹಾಳೆ ತಿರುವಿ, ಅಂಟಿಸಿದ್ದನ್ನೆಲ್ಲ ಬಿಡಿಸಿ ಹಾಕಿದೆ.