ಶಂಕೆ ವ್ಯಕ್ತಪಡಿಸಿದ ಸ್ಥಳೀಯ

ಜಬಿ, ಆ ಸುದ್ದಿಯಲ್ಲಿ ಶಂಕೆ ವ್ಯಕ್ತಪಡಿಸಿದ ‘ಸ್ಥಳೀಯರು’ ಬೇರೆ ಯಾರೂ ಅಲ್ಲ, ನಾನೇ. ನಿನ್ನ ಅಂಗಡಿಯಲ್ಲಿ ಕೇಳಿಬರುತ್ತಿದ್ದದ್ದು ರಷ್ಯದ ರಾಕ್ ಮತ್ತು ಮೆಟಲ್ ಹಾಡುಗಳು ಎಂದು ಚೆನ್ನಾಗಿ ಗೊತ್ತಿದ್ದೂ ‘ಅಪರಿಚಿತ ಭಾಷೆಯ ಧ್ವನಿಮುದ್ರಿಕೆಗಳು’ ಎಂದು ಬರೆದವನೂ ನಾನೇ. ತಾಲ್ಲೂಕು ಸುದ್ದಿಗಳಿಗೆ ನಮ್ಮ ಪತ್ರಿಕೆಯಲ್ಲಿ ವರದಿಗಾರನ ಹೆಸರು ಹಾಕುವುದಿಲ್ಲ. ‘ಮಧುಗಿರಿ’ ಎಂಬ ಊರ ಹೆಸರಿನಿಂದ ಸುದ್ದಿ ಶುರುವಾಗುತ್ತದೆ, ಅಷ್ಟೆ. ಇಷ್ಟು ವರ್ಷ ನಾನು ಆ ಊರ ಹೆಸರಿನ ಹಿಂದೆ ನಿಂತುಕೊಂಡಿದ್ದೆ.

ತಿಳಿಯದೆ ತಪ್ಪು ಮಾಡಿದೆ ಎನ್ನುವ ಹಾಗೂ ಇಲ್ಲ. ಅದಕ್ಕೇ ಇದನ್ನು ಮೊದಲಿನಿಂದ ಹೇಳಬೇಕು.

ರಷ್ಯ ಯುದ್ಧ ಶುರುಮಾಡುವ ಮುಂಚಿನ ಮಾತು. ಬಸ್ ನಿಲ್ದಾಣದ ಹಿಂದಿದ್ದ ನಿನ್ನ ಮೊಬೈಲ್ ರಿಪೇರಿ ಅಂಗಡಿಗೆ ನಾನು ಮೊದಲು ಬಂದದ್ದು ಫೋನಿನ ಒಡೆದ ಗಾಜು ಬದಲಾಯಿಸಲು. ನೀನು ಬೆಳಗ್ಗೆ ಶಿರಾದಿಂದ ಬಂದು ಕೊನೆಯ ಬಸ್ಸಿಗೆ ವಾಪಸಾಗುತ್ತಿದ್ದೆ. ಅಂಗಡಿಯೊಳಗೆ ಗಂಟಲು ಹರಿಯುವಂಥ ಕೂಗು, ಅದರಡಿಯಲ್ಲಿ ನೆಲ ನಡುಗಿಸುವ ಗಿಟಾರು. ಪಕ್ಕದ ಟೀ ಅಂಗಡಿಯ ರಂಗಪ್ಪ ಲೋಟ ತೊಳೆಯುತ್ತಲೇ ಕೇಳಿದ.

“ಲೇ ಜಬಿ, ಇದು ಹಾಡೇನ್ಲಾ? ಟಿಪ್ಪರ್‌ನಿಂದ ಜಲ್ಲಿ ಸುರ್ದಂಗೈತೆ.”

“ಜಲ್ಲಿ ಸುರುದ್ರೆ ತಾನೆ ರಂಗಣ್ಣ ಮನೆ ಏಳೋದು,” ಎಂದೆ ನೀನು, ತಲೆ ಎತ್ತದೆ.

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಅನುಮಾನ ನನ್ನ ಕಸುಬು. ಯಾವ ಭಾಷೆ, ಎಲ್ಲಿಂದ ಬಂತು, ಯಾರು ಕೊಟ್ಟರು — ಒಂದರ ಹಿಂದೊಂದು ಕೇಳಿದೆ. ನೀನು ಏನನ್ನೂ ಮುಚ್ಚಿಡಲಿಲ್ಲ. ರಷ್ಯದಲ್ಲಿ ಡಾಕ್ಟರಿಕೆ ಓದಿ ಬಂದವನೊಬ್ಬ ಫೋನ್ ಕೊಟ್ಟಿದ್ದ. ಹೊಸ ಸ್ಪೀಕರ್ ಕೂರಿಸಿದ ಮೇಲೆ ಸದ್ದು ಸರಿಯಿದೆಯೇ ನೋಡಲು, ನಿಮ್ಮ ಕಸುಬಿನ ವಾಡಿಕೆಯಂತೆ, ನೀನು ಅದರಲ್ಲೇ ಇದ್ದ ಒಂದು ಹಾಡು ಹಾಕಿದ್ದೆ. ಹಾಡು ಮುಗಿಯುವವರೆಗೂ ಸ್ಕ್ರೂ ಬಿಗಿಯಲು ಕೈ ಬರಲಿಲ್ಲವಂತೆ. ಆಮೇಲೆ ಒಂದು ತಂಡದಿಂದ ಇನ್ನೊಂದು ತಂಡ, ಅಲ್ಲಿಂದ ಮತ್ತೊಂದು. ಅರ್ಥಕ್ಕೆ ಫೋನಿನ ಅನುವಾದ.

“ಇದ್ರಲ್ಲಿ ಏನಂತಾನೆ?” ಎಂದು ಕೇಳಿದೆ.

“ಕೆಲ್ಸ ಮುಗ್ಸಿ ಬರೋವಷ್ಟ್ರಲ್ಲಿ ಕೊನೇ ಬಸ್ ಹೋಗ್ಬುಟ್ಟಿದೆ ಸಾರ್. ಹಿಮದಲ್ಲಿ ನಡ್ಕೊಂಡ್ ಹೋಗ್ತಾನೆ.”

“ಅದಕ್ಕೆ ಇಷ್ಟು ಕೂಗಬೇಕಾ?”

“ಅರೇ, ಶಿರಾ ಬಸ್ ತಪ್ಪಿದ್ ದಿನ ನನ್ ನೋಡಿಲ್ಲ ನೀವು.”

ಅಷ್ಟಾದರೂ ನಾನು ನಂಬಲಿಲ್ಲ. ಅದೇ ಹಾಡನ್ನು ನಾನೇ ಹುಡುಕಿ ಬೇರೆ ಬೇರೆ ಅನುವಾದಗಳನ್ನು ತಾಳೆ ನೋಡಿದೆ. ಬಸ್ಸೇ ಇತ್ತು, ಹಿಮವೇ ಇತ್ತು. ಸುದ್ದಿಮನೆಯ ಭಾಷೆಯಲ್ಲಿ ಹೇಳುವುದಾದರೆ, ವಿಷಯ ದೃಢಪಟ್ಟಿತ್ತು.

ಆಮೇಲೆ ಆದದ್ದನ್ನು ನಾನು ಯಾರಿಗೂ ಹೇಳಿಲ್ಲ. ಆ ಹಾಡುಗಳು ನನಗೂ ಹಿಡಿಸಿದವು. ಕೋರ್ಟಿನ ಸುದ್ದಿ ಮುಗಿಸಿ, ತಾಲ್ಲೂಕು ಕಚೇರಿಗೆ ಹೋಗುವ ಮೊದಲು ನಿನ್ನ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಇಯರ್‌ಫೋನಿನ ಒಂದು ತುದಿ ನಿನ್ನ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಎದುರಿಗೆ ಬಿಸಿಲಲ್ಲಿ ಕಾದು ನಿಂತ ಬೋಳು ಬೆಟ್ಟ. ಆ ಬಂಡೆಯನ್ನು ನೋಡುತ್ತ ಕೇಳಿದರೆ ಹಾಡು ಹುಟ್ಟಿದ್ದು ಇಲ್ಲೇ ಅನ್ನಿಸುತ್ತಿತ್ತು. ನನ್ನ ಫೋನಿಗೂ ಅವನ್ನು ತುಂಬಿಸಿಕೊಟ್ಟವನು ನೀನು.

ಆಮೇಲೆ ಆ ಪಾರ್ಸೆಲ್ ಬಂತು. ಒಂದು ತಂಡದ ಅಭಿಮಾನಿ, ನಿನಗೆ ಇಂಟರ್ನೆಟ್ಟಿನಲ್ಲಿ ಪರಿಚಯವಾದವನು, ಕಪ್ಪು ಟೀ ಶರ್ಟು ಕಳಿಸಿದ್ದ. ಎದೆಯ ಮೇಲೆ ತಲೆಬುರುಡೆ, ಅದರ ಕೆಳಗೆ ರಷ್ಯನ್ ಅಕ್ಷರ. ನೀನು ಹಿಗ್ಗಿ ಅದನ್ನೇ ಹಾಕಿಕೊಂಡು ಬಂದೆ. ಬಸ್ ನಿಲ್ದಾಣದಲ್ಲಿ ಮಾತು ಎದ್ದಿತು. ಓದಲು ಬಾರದ ಅಕ್ಷರ, ತಿಳಿಯದ ಕೂಗು, ಪರದೇಶದ ಪಾರ್ಸೆಲ್ಲು, ಜೊತೆಗೆ ನಿನ್ನ ಹೆಸರು. ನಿನ್ನ ಹೆಸರು ಬೇರೆ ಇದ್ದಿದ್ದರೆ ಆ ಮಾತು ರಂಗಪ್ಪನ ಜಲ್ಲಿಯ ತಮಾಷೆಯಲ್ಲೇ ಮುಗಿಯುತ್ತಿತ್ತು. ಇದು ನನಗೆ ಆಗಲೂ ಗೊತ್ತಿತ್ತು.

ಒಂದು ಮಧ್ಯಾಹ್ನ ಪರಿಚಯದ ಕಾನ್‌ಸ್ಟೇಬಲ್ ಒಬ್ಬರು ಕೋರ್ಟಿನ ಗೇಟಿನ ಹತ್ತಿರ ಸಿಕ್ಕಿ, ನಗುತ್ತಲೇ ಕೇಳಿದರು: “ಏನ್ ಸಾರ್, ನೀವೂ ಆ ಅಂಗ್ಡೀಲಿ ಕುಂತ್ಕಂಡು ಅದೇನೋ ಕೇಳ್ತಿರ್ತೀರಂತೆ?”

ತಮಾಷೆಯೇ ಇರಬಹುದು. ನನಗೆ ಹಾಗೆ ಕೇಳಿಸಲಿಲ್ಲ. ‘ನೀವೂ’ — ಆ ಒಂದು ಪದ ಮೈಯೊಳಗೆ ಇಳಿಯಿತು. ಅದೇ ಹೊತ್ತಿಗೆ ಪತ್ರಿಕೆಯ ತುಮಕೂರಿನ ಡೆಸ್ಕಿನಿಂದ ಫೋನು. ಬೇರೆ ಪತ್ರಿಕೆಯವರಿಗೆ ನಿನ್ನ ಅಂಗಡಿಯ ಬಗ್ಗೆ ಏನೋ ಸುಳಿವು ಸಿಕ್ಕಿದೆಯಂತೆ, ನನ್ನಿಂದ ಸುದ್ದಿ ಯಾಕೆ ಬಂದಿಲ್ಲ ಎಂದರು. ಅದು ಬರೀ ಹಾಡು, ನಾನೇ ಕೇಳಿದ್ದೇನೆ ಎಂದು ಹೇಳಬಹುದಿತ್ತು. ಅಷ್ಟು ಹೇಳಿದ್ದರೆ —

ಕಳಿಸುತ್ತೇನೆ ಎಂದೆ.

ರಂಗಪ್ಪನ ಬೆಂಚಿನ ಮೇಲೆ ಕೂತು ಮೊದಲು ಮಾಡಿದ ಕೆಲಸ, ನನ್ನ ಫೋನಿನಲ್ಲಿದ್ದ ಆ ಹಾಡುಗಳನ್ನೆಲ್ಲ ಅಳಿಸಿದ್ದು. ಗೋಡೆಯಾಚೆ ನೀನು ಯಾರದೋ ಫೋನ್ ಬಿಚ್ಚುತ್ತಿದ್ದೆ. ಆಮೇಲೆ ಸುದ್ದಿ ಬರೆದೆ. ಪಟ್ಟಣದ ಮೊಬೈಲ್ ರಿಪೇರಿ ಅಂಗಡಿಯೊಂದರಲ್ಲಿ ಅಪರಿಚಿತ ಭಾಷೆಯ ಧ್ವನಿಮುದ್ರಿಕೆಗಳು ಕೇಳಿಬರುತ್ತಿದ್ದು, ವಿದೇಶದಿಂದ ಪಾರ್ಸೆಲ್ ಬಂದಿದೆ ಎನ್ನಲಾಗಿದೆ. ಈ ಬಗ್ಗೆ ಸ್ಥಳೀಯರು ಶಂಕೆ ವ್ಯಕ್ತಪಡಿಸಿದ್ದು, ತನಿಖೆಗೆ ಆಗ್ರಹಿಸಿದ್ದಾರೆ.

ನಮ್ಮ ವೃತ್ತಿಯಲ್ಲಿ ಇದೊಂದು ಹಳೆಯ ರೂಢಿ. ಹೇಳಿದವರು ಯಾರೂ ಇಲ್ಲದಿದ್ದಾಗ ‘ಸ್ಥಳೀಯರು’ ಹೇಳುತ್ತಾರೆ. ಚರಂಡಿ ಕಟ್ಟಿಕೊಂಡಾಗ, ಬೀದಿ ದೀಪ ಉರಿಯದಿದ್ದಾಗ ನಾನು ನೂರಾರು ಸಲ ಹಾಗೆ ಬರೆದಿದ್ದೇನೆ. ಯಾರಿಗೂ ಕೆಡುಕಾಗಿರಲಿಲ್ಲ. ಟೀ ಅಂಗಡಿಯಲ್ಲಿ ಮಾತಾಡಿದವರು ಇದ್ದರು, ನಿಜ. ಆದರೆ ತನಿಖೆಯಾಗಲಿ ಎಂದು ಯಾರೂ ಕೇಳಿರಲಿಲ್ಲ. ಕೇಳಿದವನು ನಾನೊಬ್ಬ, ನನ್ನ ಮೇಲಿನ ಕಣ್ಣು ನಿನ್ನ ಮೇಲೆ ಹೊರಳಲಿ ಎಂದು.

ಪೊಲೀಸರು ಬಂದರು. ನಿನ್ನ ಕಂಪ್ಯೂಟರನ್ನೂ ರಿಪೇರಿಗೆ ಬಂದಿದ್ದ ಗಿರಾಕಿಗಳ ಫೋನುಗಳನ್ನೂ ತೆಗೆದುಕೊಂಡು ಹೋದರು. ಏನೂ ಸಿಗದೆ ಎಲ್ಲವನ್ನೂ ವಾಪಸು ಕೊಟ್ಟರು. ಏನೂ ಸಿಗಲಿಲ್ಲ ಎನ್ನುವುದನ್ನು ನಾನು ಬರೆಯಲಿಲ್ಲ. ತಮ್ಮ ಫೋನು ಠಾಣೆಗೆ ಹೋಗಿ ಬಂದ ಗಿರಾಕಿಗಳು ಮತ್ತೆ ನಿನ್ನ ಕಡೆ ತಿರುಗಲಿಲ್ಲ. ಕಟ್ಟಡದ ಮಾಲೀಕರು ಅಂಗಡಿ ಖಾಲಿ ಮಾಡು ಎಂದರು.

ಸಾಮಾನು ಕಟ್ಟುವ ದಿನ ನೀನು ನನ್ನನ್ನೇ ಹುಡುಕಿಕೊಂಡು ಬಂದೆ. ಪೇಪರಿನ ತುಂಡು ಕೈಯಲ್ಲಿತ್ತು. ಸುದ್ದಿ ತುಮಕೂರಿನವರು ಬರೆದದ್ದು ಎಂದು ನಾನು ಮೊದಲೇ ಹೇಳಿದ್ದೆ. ನೀನು ನಂಬಿದ್ದೆ.

“ಈ ಸ್ಥಳೀಯರು ಯಾರು ಸಾರ್? ನಿಮ್ಗೆ ಗೊತ್ತಾದ್ರೆ ಹೇಳಿ. ಜಗಳಕ್ಕಲ್ಲ, ಅಲ್ಲಾ ಕಸಂ. ಕೂರಿಸ್ಕಂಡು ಒಂದ್ ಹಾಡ್ ಕೇಳಿಸ್ತೀನಿ, ಅಷ್ಟೇ.”

“ಸುದ್ದಿಮೂಲ ಹೇಳೋ ಹಂಗಿಲ್ಲ ಜಬಿ,” ಎಂದೆ.

ನಮ್ಮ ವೃತ್ತಿಯಲ್ಲಿ ಇದಕ್ಕಿಂತ ಗೌರವದ ಮಾತು ಇನ್ನೊಂದಿಲ್ಲ. ಮಾಹಿತಿ ಕೊಟ್ಟವನನ್ನು ಕಾಪಾಡಲು ಜೈಲಿಗೆ ಹೋದವರಿದ್ದಾರೆ. ನಾನು ಕಾಪಾಡಿದ್ದು ನನ್ನನ್ನು. ನೀನು ತಲೆಯಾಡಿಸಿ, “ಹೌದಲ್ವಾ, ನಿಮ್ಗೂ ರೂಲ್ಸ್ ಇರುತ್ತೆ,” ಎಂದೆ.

ಹೋದ ತಿಂಗಳು ನಾನು ಕಡಲೆಕಾಯಿ ಮಾರುಕಟ್ಟೆಯ ಸುದ್ದಿಗೆಂದು ಶಿರಾಕ್ಕೆ ಬಂದಾಗ ನೀನು ಮಂಡಿಯಲ್ಲಿ ಮೂಟೆ ತೂಗಿಸುತ್ತಿದ್ದೆ. ನನ್ನನ್ನು ನೋಡಿದ ಕೂಡಲೇ ಕೈಯ ಧೂಳು ಝಾಡಿಸಿಕೊಂಡು ಬಂದು ಟೀ ಕುಡಿಸಿದೆ. “ಏನ್ ಸಾರ್, ಆ ಸ್ಥಳೀಯರು ಸಿಕ್ಕಿದ್ರಾ?” ಎಂದು ನಕ್ಕೆ. ಆ ನಗುವಿನೊಳಗೆ ಏನಾದರೂ ಇದೆಯೇ ಎಂದು ನಿನ್ನ ಮುಖ ನೋಡಿದೆ — ಗೊತ್ತಿದ್ದೂ ಕೇಳಿದೆಯೋ ಏನೋ. ಅವತ್ತಿನಿಂದ ಅದೇ ಯೋಚನೆ. ನನ್ನ ಅನುಮಾನ ಈಗಲೂ ನಿನ್ನ ಮೇಲೆಯೇ ತಿರುಗುತ್ತದೆ, ನೋಡು.

ಈಗಲೂ ಆ ಹಾಡು ಕೇಳುತ್ತೀಯಾ ಎಂದು ಕೇಳಿದೆ.

“ಇಲ್ಲ ಸಾರ್. ಕಿವಿಗೆ ಇಯರ್‌ಫೋನ್ ಇಟ್ರೆ ಸಾಕು, ಅಮ್ಮಿ ಹೆದ್ರಿ ಬಾಗ್ಲು ಹಾಕ್ತಾರೆ. ಬುಡಿ, ಯಾಕ್ ಬೇಕು.”

ಅಂಗಡಿ ಹೋದದ್ದು ನನಗೆ ಗೊತ್ತಿತ್ತು. ಹಾಡೂ ಹೋಗಿದೆ ಎಂದು ಗೊತ್ತಿರಲಿಲ್ಲ.

ನಮ್ಮ ಪತ್ರಿಕೆ ಇಷ್ಟು ಹಳೆಯ ಸುದ್ದಿಗೆ ತಿದ್ದುಪಡಿ ಹಾಕುವುದಿಲ್ಲ. ಕೇಳಿ ನೋಡಿದೆ. ಹಾಕಿದ್ದರೂ ನಿನ್ನ ಅಮ್ಮಿ ಓದುವವರಲ್ಲ. ಆದ್ದರಿಂದ ಈ ಬರಹ ಬೇರೆ ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ನಿಮ್ಮ ಮನೆಗೆ ಬರುತ್ತೇನೆ. ಅಮ್ಮಿಗೆ ಹೇಳಬೇಕಾದ್ದು ಎರಡೇ ವಾಕ್ಯ. ನಿಮ್ಮ ಮಗ ಕೇಳುತ್ತಿದ್ದದ್ದು ಹಾಡು. ಅದು ಹಾಡೆಂದು ಗೊತ್ತಿದ್ದೇ ನಾನು ಹಾಗೆ ಬರೆದೆ.

ಮೊದಲನೆಯದನ್ನು ಹೇಳುವುದು ಸುಲಭ. ಎರಡನೆಯದನ್ನು ಹೇಳದೆ ಮಧುಗಿರಿ ಬಸ್ ಹತ್ತುವುದಿಲ್ಲ, ಕೊನೆಯ ಬಸ್ ಹೋದರೂ ಸರಿ.