ಯಾಸ್ಮಿನ್ ಎನ್ನಲಾರದ ನಾಲಿಗೆ

ಧಾರವಾಡದ ಪ್ರತಿಭಾ ಯಾರ ಮನಸ್ಸನ್ನೂ ನೋಯಿಸದವಳು ಎಂದು ಹೆಸರಾಗಿದ್ದಳು. ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರನ್ನು ತನ್ನ ಕಾರಿನಲ್ಲಿ ಲ್ಯಾನ್‌ಹ್ಯಾಮ್‌ನ ಗುಡಿಗೆ ಕರೆದೊಯ್ಯುವವಳು, ಬಾಡಿಗೆ ಮನೆ ಹುಡುಕಿಕೊಡುವವಳು ಅವಳೇ. ಜಗಳವೆಂದರೆ ಮಾತ್ರ ಜೀವ ಹಾರುತ್ತಿತ್ತು. ಅದು ಎದುರಾಗುವ ಮೊದಲೇ ದಾರಿ ಬದಲಿಸುವುದು ಅವಳ ಸ್ವಭಾವ.

2022ರಲ್ಲಿ ರಾಕ್‌ವಿಲ್‌ನ ಅವಳ ಲ್ಯಾಬಿಗೆ ವಿಜಯಪುರದ ಯಾಸ್ಮಿನ್ ಸೇರಿದಳು. ಮೊದಲ ದಿನ ಅವಳ ಊಟದ ಡಬ್ಬಿಯಲ್ಲಿ ತಮ್ಮ ಕಡೆಯ ಶೇಂಗಾ ಹಿಂಡಿ ಕಂಡದ್ದೇ ತಡ, ಇಬ್ಬರೂ ಗೆಳತಿಯರಾದರು. ದೀಪಾವಳಿಗೆ ಕ್ಲಾರ್ಕ್ಸ್‌ಬರ್ಗ್‌ನ ರೇಣುಕಾದೇವಿ ಆಂಟಿ ಊಟಕ್ಕೆ ಕರೆದಾಗ ಪ್ರತಿಭಾ ಅವಳನ್ನೂ ಕರೆದುಕೊಂಡು ಹೋದಳು.

ಮನೆ ತುಂಬ ಜನ. ಆಂಟಿ ಬಾಗಿಲಿಗೆ ಬಂದು, "ಇವರು ಯಾರವಾ?" ಎಂದರು.

"ನನ್ನ ಕಲೀಗ್, ಆಂಟಿ. ಜಾಸ್ಮಿನ್," ಎಂದುಬಿಟ್ಟಳು ಪ್ರತಿಭಾ.

ಯಾಸ್ಮಿನ್ ಒಮ್ಮೆ ಅವಳ ಮುಖ ನೋಡಿದಳು. ಆಮೇಲೆ ಊಟ ಮುಗಿಯುವವರೆಗೂ ಇಂಗ್ಲಿಷಿನಲ್ಲೇ ಮಾತಾಡಿದಳು. ಹೋಳಿಗೆಯೊಳಗೆ ಏನಿರುತ್ತದೆ ಎಂದು ಆಂಟಿ ಆ ವಿಜಯಪುರದವಳಿಗೆ ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದರೆ ಪ್ರತಿಭಾ ತಟ್ಟೆಯಿಂದ ತಲೆ ಎತ್ತಲಿಲ್ಲ.

ಮರಳುವಾಗ ಕಾರಿನಲ್ಲಿ ಪ್ರತಿಭಾ ಕೇಳಿದಳು, "ಸಿಟ್ಟು ಬಂತೇನ?"

"ಸಿಟ್ಟ್ಯಾಕ? ಎರಡೂ ಒಂದೇ ಹೆಸರು. ಹುಟ್ಟಿದ್ದು ಇರಾನಿನ್ಯಾಗ, ಅಲ್ಲೆ ಯಾಸಮನ್ ಅಂತಾರ. ಟರ್ಕಿಯೊಳಗ ಯಾಸೆಮಿನ್, ಇಟಲಿಗೆ ಹೋಗಿ ಜೆಲ್ಸೊಮಿನಾ ಆತು, ಇಲ್ಲೆ ಜಾಸ್ಮಿನ್. ಎಲ್ಲಾ ಮಲ್ಲಿಗಿನ. ಅವರವರ ನಾಲಿಗಿಗೆ ಬಂದಂಗ ಅಂದ್ರು." ಯಾಸ್ಮಿನ್ ಕಿಟಕಿಯ ಕಡೆ ತಿರುಗಿದಳು. "ಆದ್ರ ನಿನ್ನ ನಾಲಿಗಿಗೆ ಯಾಸ್ಮಿನ್ ಬರತಿತ್ತಲ್ಲ, ಪ್ರತಿಭಾ?"

ಪ್ರತಿಭಾಳ ಕಿವಿ ಬಿಸಿಯಾದವು.

ವಾರವಿಡೀ ಒದ್ದಾಡಿ, ಕೊನೆಗೆ ಆಂಟಿಗೆ ಫೋನ್ ಮಾಡಿ ಗೆಳತಿಯ ನಿಜವಾದ ಹೆಸರು, ಊರು ಹೇಳಿದಳು.

"ನನ್ನ ತವರುಮನಿನೂ ಅದ ಜಿಲ್ಲಾ, ಸಿಂದಗಿ," ಎಂದರು ಆಂಟಿ. "ವಿಜಯಪುರದ ಹುಡುಗಿಗೆ ನಾ ಹೋಳಿಗಿ ಪಾಠ ಮಾಡಿದೆ! ಹೆಸರು ಕೇಳಿ ಬಾಗಿಲು ಹಾಕ್ತೀನಿ ಅಂತ ತಿಳಿದಿದ್ದೇನವಾ ನನ್ನ?"

ಹಾಗೆಂದು ಯಾರೂ ಅಂದಿರಲಿಲ್ಲ. ಅಂದುಕೊಂಡವಳು ತಾನೊಬ್ಬಳೇ. ಆ ಹೆಸರಿನಲ್ಲಿ ಮುಚ್ಚಿಡುವಂಥದ್ದೇನೋ ಇದೆ ಎಂಬ ಭಾವ ತನ್ನೊಳಗೇ ಇತ್ತೆಂದು ತಿಳಿದಾಗ ಅವಳು ನಾಚಿಕೆಯಿಂದ ಕುಗ್ಗಿಹೋದಳು.

ಮರುದಿನ ಲ್ಯಾಬಿನಲ್ಲಿ, "ತಪ್ಪಾತು," ಎಂದಳು.

"ಆತು ಬಿಡು," ಎಂದಳು ಯಾಸ್ಮಿನ್. ಮುಂದೆ ಆಂಟಿಯೇ ಅವಳನ್ನು ನೇರವಾಗಿ ಊಟಕ್ಕೆ ಕರೆಯತೊಡಗಿದರು.

ಈಗ ಪ್ರತಿಭಾ ಗೆಳತಿಯನ್ನು ಯಾರಿಗೆ ಪರಿಚಯಿಸಿದರೂ, "ಯಾಸ್ಮಿನ್," ಎಂದು ಅಗತ್ಯಕ್ಕಿಂತ ಜೋರಾಗಿ ಹೇಳುತ್ತಾಳೆ. ಹೇಳಿದ ಮೇಲೆ ತನ್ನ ದನಿ ತನಗೇ ಕೇಳಿ, ಆ ಜೋರಿನಲ್ಲೂ ಹಳೆಯ ಅಳುಕೇ ಇದೆಯೆನಿಸಿ, ಮತ್ತೆ ತಲೆ ತಗ್ಗಿಸುತ್ತಾಳೆ.